‘ರಾಸ್’ ಎಂದರೆ ತಲೆ: ಕಡಲಂಚಿನ ಒಂದು ಪದದ ಚರಿತ್ರೆ



ಉರ್ದು ಭಾಷಣಗಳಲ್ಲಿ ‘ಕಶ್ಮೀರ್ ಸೇ ರಾಸ್ ಕುಮಾರಿ ತಕ್’ ಎಂಬ ಮಾತನ್ನು ನೀವು ಅನೇಕ ಬಾರಿ ಕೇಳಿರುತ್ತೀರಿ. ಇದನ್ನೇ ಕನ್ನಡದಲ್ಲಿ ‘ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ’ ಎನ್ನುತ್ತೇವೆ. ಕುಮಾರಿ ಎರಡೂ ಕಡೆ ಇದ್ದಾಳೆ. ಆದರೆ ಉರ್ದುವಿನಲ್ಲಿ ಅವಳ ಹಿಂದೆ ಬಂದು ನಿಂತ ಈ ‘ರಾಸ್’ ಯಾರು? ಅದೇನು ಊರಿನ ಹೆಸರೇ, ರಾಣಿಯ ಬಿರುದೇ? ಎಂದಾದರೂ ಯೋಚಿಸಿದ್ದೀರಾ?

ನನ್ನನ್ನು ಈ ಯೋಚನೆಗೆ ಹಚ್ಚಿದವಳು ಒಬ್ಬ ವಿದ್ಯಾರ್ಥಿನಿ. ಏಳನೇ ತರಗತಿಯವರೆಗೆ ಉರ್ದು ಮಾಧ್ಯಮದಲ್ಲಿ ಓದಿ ಎಂಟನೇ ತರಗತಿಗೆ ಕನ್ನಡ ಮಾಧ್ಯಮಕ್ಕೆ ಬಂದವಳು. ಸಮಾಜ ವಿಜ್ಞಾನದ ಪಾಠದಲ್ಲಿ ‘ಗುಡ್‌ಹೋಪ್ ಭೂಶಿರ’ ಎಂಬ ಮಾತನ್ನು ಅಕ್ಷರ ತಪ್ಪದೆ ಬಾಯಿಪಾಠ ಮಾಡಿದ್ದಳು. ಆದರೆ ಒಂದು ದಿನ ಪಾಠ ಮುಗಿದ ಮೇಲೆ ಮೆಲ್ಲಗೆ ಬಂದು, “ಭೂಶಿರ ಅಂದ್ರೆ ಹಡಗಿನ ಹೆಸರಾ?” ಎಂದು ಕೇಳಿದಳು. ನಾನು “ರಾಸ್ ಉಮೀದ್” ಎಂದೆ. ಅವಳ ಮುಖ ಅರಳಿತು. ನೇರವಾಗಿ ಗೋಡೆಯ ಮೇಲಿನ ನಕ್ಷೆಯ ಬಳಿ ಹೋಗಿ ಆಫ್ರಿಕದ ಕೆಳತುದಿಯ ಮೇಲೆ ಬೆರಳಿಟ್ಟಳು! ಅವಳಿಗೆ ವಿಷಯ ಮೊದಲೇ ಗೊತ್ತಿತ್ತು. ಕನ್ನಡದ ಬಾಗಿಲು ಮಾತ್ರ ತೆರೆದಿರಲಿಲ್ಲ. ತಿಳಿಯದವಳೆಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಮಗುವಿಗೆ ತಿಳಿದಿತ್ತು ಎಂಬುದು ನನಗೆ ಆ ದಿನ ಸಂತೋಷವನ್ನೂ ನಾಚಿಕೆಯನ್ನೂ ಒಟ್ಟಿಗೆ ತಂದಿತು. ಆ ಪದವನ್ನು ಹಿಡಿದುಕೊಂಡು ಹೋದಾಗ ಸಿಕ್ಕ ಚರಿತ್ರೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಎಲ್ಲ ಭಾಷೆಯಲ್ಲೂ ತಲೆಯೇ

‘ರಾಸ್’ ಅರಬ್ಬೀ ಪದ. ಅದರ ನೇರವಾದ ಅರ್ಥ ‘ತಲೆ’. ಕಡಲಿನೊಳಗೆ ಚಾಚಿಕೊಂಡ ನೆಲದ ತುದಿಗೂ ಅರಬರು ಅದೇ ಹೆಸರಿಟ್ಟರು. ನೆಲವು ನೀರಿನ ಮೇಲೆ ತಲೆ ಎತ್ತಿ ನೋಡುತ್ತಿದೆ ಎಂಬ ಕಲ್ಪನೆ ಅದರಲ್ಲಿದೆ. ಈಗ ಕನ್ನಡದ ‘ಭೂಶಿರ’ವನ್ನು ಬಿಡಿಸಿ ನೋಡಿ: ಭೂ ಎಂದರೆ ನೆಲ, ಶಿರ ಎಂದರೆ ತಲೆ. ನಮ್ಮ ನೆರೆಯ ಮರಾಠಿಯಲ್ಲೂ ಇದೇ ಪದವಿದೆ. ಇಂಗ್ಲಿಷಿನ ‘ಕೇಪ್’ ಕೂಡ ತಲೆ ಎಂಬ ಅರ್ಥದ ಲ್ಯಾಟಿನ್ ಪದ ‘ಕಾಪುಟ್’ನಿಂದ ಬಂದದ್ದು. ಪೋರ್ಚುಗೀಸರ ‘ಕಾಬೋ’ ಸಹ ಅದೇ ಮೂಲದ್ದು. ದಕ್ಷಿಣ ಗೋವಾದಲ್ಲಿ ‘ಕಾಬೋ ದ ರಾಮಾ’ ಎಂಬ ಕೋಟೆಯನ್ನು ನೋಡಿದವರು ನಮ್ಮಲ್ಲಿ ಕೆಲವರಾದರೂ ಇರಬಹುದು. ರಾಮನ ಹೆಸರಿನ ಭೂಶಿರ ಎಂದು ಅದರ ಅರ್ಥ.

ನಾಲ್ಕು ಭಾಷೆಗಳ ಜನ ಬೇರೆ ಬೇರೆ ಕಡಲುಗಳ ಅಂಚಿನಲ್ಲಿ ನಿಂತು ಒಂದೇ ಚಿತ್ರವನ್ನು ಕಂಡಿದ್ದಾರೆ. ಇನ್ನೂ ಒಂದು ಸ್ವಾರಸ್ಯವಿದೆ. ಉರ್ದುವಿನಲ್ಲಿ ತಲೆಗೆ ನಾವು ದಿನನಿತ್ಯ ಬಳಸುವ ‘ಸರ್’ ಎಂಬ ಪದ ಪಾರಸಿಯದು. ಪಾರಸಿಯ ‘ಸರ್’ ಮತ್ತು ಸಂಸ್ಕೃತದ ‘ಶಿರಸ್’ ಒಂದೇ ಭಾಷಾ ಕುಟುಂಬದ ಅಕ್ಕತಂಗಿಯರು ಎಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಹೀಗಿರುವಾಗ ಮನೆಯಲ್ಲಿ “ಸರ್ ದರ್ದ್” ಎನ್ನುವ ಮಗುವಿಗೆ ‘ಶಿರ’ ಎಂಬ ಪದ ಪರಕೀಯವಾಗುವುದಾದರೂ ಹೇಗೆ?

ತಲೆಯಿಂದ ಹುಟ್ಟಿದ ಬೇರೆ ಪದಗಳನ್ನೂ ಗಮನಿಸಿ. ಅರಬ್ಬಿಯಲ್ಲಿ ಅಸಲು ಹಣಕ್ಕೆ ‘ರಾಸುಲ್ ಮಾಲ್’ ಎನ್ನುತ್ತಾರೆ, ಅಂದರೆ ಸಂಪತ್ತಿನ ತಲೆ. ಪವಿತ್ರ ಕುರ್‌ಆನಿನ ಅಲ್ ಬಕರಃ ಅಧ್ಯಾಯದ 279ನೇ ಸೂಕ್ತದಲ್ಲಿ ಬಡ್ಡಿಯನ್ನು ಬಿಟ್ಟವರಿಗೆ ಅವರ ಅಸಲು ಸಲ್ಲುತ್ತದೆ ಎಂದು ಹೇಳುವಲ್ಲಿ ಈ ಪದದ ಬಹುವಚನವೇ ಬಂದಿದೆ. ಬಂಡವಾಳಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಕ್ಯಾಪಿಟಲ್’ ಸಹ ಲ್ಯಾಟಿನ್ನಿನ ತಲೆಯಿಂದಲೇ ಬಂದಿದೆ. ಅರಬ್ಬಿಯಲ್ಲಿ ಮುಖಂಡನಿಗೂ ಹಡಗಿನ ಒಡೆಯನಿಗೂ ‘ರಈಸ್’ ಎನ್ನುತ್ತಾರೆ. ಅದೂ ‘ರಾಸ್’ನ ಸಂತಾನ. ತುರ್ಕರಲ್ಲಿ ಅದು ‘ರೇಯಿಸ್’ ಆಯಿತು. 1513ರಲ್ಲಿ ಪ್ರಸಿದ್ಧವಾದ ಜಗತ್ತಿನ ನಕ್ಷೆಯನ್ನು ಬರೆದ ಉಸ್ಮಾನಿ ನಾವಿಕ ಪೀರಿ ರೇಯಿಸ್ ಹೆಸರಿನಲ್ಲಿ ಇರುವುದು ಇದೇ ಬಿರುದು. ಇಂಗ್ಲಿಷಿನ ‘ಕ್ಯಾಪ್ಟನ್’ ಕೂಡ ‘ಕಾಪುಟ್’ನ ಮಗನೇ. ಅಂದರೆ ಭೂಶಿರವೂ ತಲೆ, ಅದನ್ನು ನೋಡುತ್ತ ಹಡಗು ನಡೆಸುವವನೂ ತಲೆ!

ನಮ್ಮ ಕೊಟ್ಟಿಗೆಯಲ್ಲಿ ಅದೇ ಪದ

ಇದೆಲ್ಲ ಅರಬ್ಬಿ ಓದಿದವರ ಮಾತಾಯಿತು, ಕನ್ನಡದ ಹಳ್ಳಿಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ದನಗಳ ಜಾತ್ರೆಗೆ ಹೋಗಿ ನೋಡಿ. ರೈತರು “ಒಳ್ಳೇ ರಾಸು”, “ಎರಡು ರಾಸು ಮಾರಿದೆ” ಎನ್ನುತ್ತಾರೆ. ಪತ್ರಿಕೆಗಳಲ್ಲಿ ‘ಮಿಶ್ರತಳಿ ರಾಸುಗಳು’ ಎಂದು ಬರೆಯುತ್ತಾರೆ. ಈ ‘ರಾಸು’ ಬೇರೆ ಯಾವುದೂ ಅಲ್ಲ, ನಮ್ಮ ‘ರಾಸ್’ ಪದವೇ. ಪಾರಸಿ ಮತ್ತು ಉರ್ದು ಬರವಣಿಗೆಯಲ್ಲಿ ಕುದುರೆ, ಎತ್ತುಗಳನ್ನು ‘ಇಷ್ಟು ರಾಸ್’ ಅಂದರೆ ‘ಇಷ್ಟು ತಲೆ’ ಎಂದು ಲೆಕ್ಕ ಹಾಕುವ ಪದ್ಧತಿಯಿತ್ತು. ಆಡಳಿತದ ಪಾರಸಿಯಿಂದ ತಾಲ್ಲೂಕು, ಜಮೀನು, ಖಜಾನೆ, ವಸೂಲಿ ಮೊದಲಾದ ಪದಗಳು ಕನ್ನಡಕ್ಕೆ ಬಂದಂತೆ ಇದೂ ಬಂದು, ಲೆಕ್ಕದ ಪುಸ್ತಕದಿಂದ ಇಳಿದು ಕೊಟ್ಟಿಗೆಯಲ್ಲಿ ನೆಲೆಸಿತು. ಕನ್ನಡಿಗ ರೈತ ಅದನ್ನು ತನ್ನದೆಂದೇ ತಿಳಿದಿದ್ದಾನೆ, ಅದು ಅವನದೇ ಹೌದು. ಭಾಷೆಗಳ ನಡುವೆ ಗೋಡೆ ಕಟ್ಟುವವರು ಹಳ್ಳಿಯ ಕೊಟ್ಟಿಗೆಯನ್ನು ಒಮ್ಮೆ ಇಣುಕಿ ನೋಡಬೇಕು.

ನಾವಿಕನಿಗೆ ತಲೆ ಏಕೆ ಬೇಕಿತ್ತು?

ಈಗ ಕಡಲಂಚಿಗೆ ಬರೋಣ. ಭೂಶಿರ ಹೇಗೆ ಉಂಟಾಗುತ್ತದೆ? ಕರಾವಳಿಯ ಉದ್ದಕ್ಕೂ ನೆಲ ಒಂದೇ ರೀತಿ ಇರುವುದಿಲ್ಲ. ಕೆಲವು ಕಡೆ ಗಟ್ಟಿಯಾದ ಬಂಡೆ, ಕೆಲವು ಕಡೆ ಮೆದುವಾದ ಮಣ್ಣು. ಅಲೆಗಳು ಸಾವಿರಾರು ವರ್ಷ ಬಡಿದಾಗ ಮೆದುವಾದ ಭಾಗ ಕೊರೆದು ಒಳಸರಿದು ಕೊಲ್ಲಿಯಾಗುತ್ತದೆ. ಗಟ್ಟಿಯಾದ ಭಾಗ ಹೊರಗೆ ಚಾಚಿಕೊಂಡು ಉಳಿಯುತ್ತದೆ. ಉತ್ತರ ಕನ್ನಡದ ಗೋಕರ್ಣದ ಸುತ್ತ ಗುಡ್ಡಗಳು ಕಡಲಿಗೇ ಬಂದು ನಿಂತಿರುವುದನ್ನೂ, ಎರಡು ಗುಡ್ಡಗಳ ನಡುವೆ ಮರಳಿನ ದಂಡೆ ಬಾಗಿ ಮಲಗಿರುವುದನ್ನೂ ಕಾಣಬಹುದು. ಕಾರವಾರದ ಕೊಲ್ಲಿಗೆ ದಕ್ಷಿಣದಿಂದ ಆಸರೆ ಕೊಡುವ ಗುಡ್ಡವನ್ನು ಇಂಗ್ಲಿಷ್ ನಕ್ಷೆಗಳಲ್ಲಿ ‘ಕಾರವಾರ್ ಹೆಡ್’ ಎಂದೇ ಬರೆಯಲಾಗಿದೆ. ಅಲ್ಲಿಯೂ ತಲೆಯೇ!

ತಲೆ ಚಾಚಿದವನಿಗೆ ಪೆಟ್ಟು ಹೆಚ್ಚು. ಅಲೆಗಳು ಆಳ ಕಡಿಮೆಯಾದಂತೆ ಬಾಗಿ ಭೂಶಿರದ ಎರಡೂ ಬದಿಗೆ ಬಂದು ಬಡಿಯುತ್ತವೆ. ಅದರ ಸುತ್ತ ನೀರಿನಲ್ಲಿ ಮುಳುಗಿದ ಬಂಡೆಗಳಿರುತ್ತವೆ, ಗಾಳಿ ಮತ್ತು ಸೆಳೆತ ಜೋರಾಗಿರುತ್ತವೆ. ಆದ್ದರಿಂದ ನಾವಿಕರಿಗೆ ಭೂಶಿರವೆಂದರೆ ಗುರುತೂ ಹೌದು, ಎಚ್ಚರಿಕೆಯೂ ಹೌದು.

ಗುರುತು ಏಕೆ ಮುಖ್ಯ ಎಂಬುದನ್ನು ಯೋಚಿಸಿ. ಅರಬ್ ನಾಡಿನಿಂದ ನಮ್ಮ ಪಶ್ಚಿಮ ಕರಾವಳಿಗೆ ಬರುವ ಹಡಗು ಅನೇಕ ದಿನ ನೆಲವನ್ನೇ ಕಾಣದೆ ಸಾಗುತ್ತಿತ್ತು. ಮಳೆಗಾಲದ ನಡುವೆ ಕಡಲು ಮುಚ್ಚಿರುತ್ತಿತ್ತು. ‘ಮೌಸಿಮ್’ ನೋಡಿ ಹೊರಡಬೇಕಿತ್ತು. ಇಂದಿನ ‘ಮಾನ್ಸೂನ್’ ಎಂಬ ಮಾತು ಆ ಅರಬ್ಬೀ ಪದದಿಂದಲೇ ಬಂದದ್ದು. ರಾತ್ರಿ ನಕ್ಷತ್ರದ ಎತ್ತರವನ್ನು ಅಳೆಯಲು ಗಂಟುಗಳುಳ್ಳ ದಾರ ಕಟ್ಟಿದ ಸಣ್ಣ ಮರದ ಹಲಗೆಯನ್ನು ಬಳಸುತ್ತಿದ್ದರು. ಅದರ ಹೆಸರು ‘ಕಮಾಲ್’. ಎತ್ತರವನ್ನು ‘ಇಸ್ಬಅ್’ ಅಂದರೆ ಬೆರಳಿನ ಲೆಕ್ಕದಲ್ಲಿ ಹೇಳುತ್ತಿದ್ದರು. ನಕ್ಷತ್ರದಿಂದ ಉತ್ತರ ದಕ್ಷಿಣದ ಸ್ಥಾನ ತಿಳಿಯುತ್ತಿತ್ತು, ಆದರೆ ದಡ ಎಷ್ಟು ಹತ್ತಿರ ಬಂತು ಎಂಬುದು ತಿಳಿಯುತ್ತಿರಲಿಲ್ಲ. ಅದಕ್ಕೆ ನೀರಿನ ಬಣ್ಣ, ಹಕ್ಕಿಗಳು, ಕಡಲಹಾವುಗಳು, ಕೊನೆಗೆ ದೂರದಲ್ಲಿ ಕಾಣುವ ಗುಡ್ಡದ ತಲೆ, ಇವುಗಳೇ ‘ಇಶಾರಾತ್’ ಅಂದರೆ ಸೂಚನೆಗಳು. ಚಪ್ಪಟೆಯಾದ ಮರಳಿನ ದಡ ದೂರದಿಂದ ಕಾಣುವುದಿಲ್ಲ. ಮೊದಲು ಕಾಣುವುದು ರಾಸ್!

ನಮ್ಮ ಕರಾವಳಿಯ ಪಕ್ಕದ ರಾಸ್

ಸಿರಿಯಾ ದೇಶದ ಹಮಾ ನಗರದ ಅರಸನೂ ಭೂಗೋಳಶಾಸ್ತ್ರಜ್ಞನೂ ಆಗಿದ್ದ ಅಬುಲ್ ಫಿದಾ 1321ರಲ್ಲಿ ತನ್ನ ಭೂಗೋಳ ಗ್ರಂಥವನ್ನು ಮುಗಿಸಿದನು. ಅದರಲ್ಲಿ ಮಂಗಳೂರಿನಿಂದ ಮುಂದೆ ಕಡಲಿನೊಳಗೆ ಚಾಚಿಕೊಂಡ, ಪ್ರಯಾಣಿಕರಿಗೆ ದೂರದಿಂದಲೇ ಕಾಣುವ ಒಂದು ದೊಡ್ಡ ಗುಡ್ಡದ ಮಾತು ಬರುತ್ತದೆ. ಅದೇ ‘ರಾಸ್ ಹೈಲಿ’. ಇಂದಿನ ಕೇರಳದ ಕಣ್ಣೂರು ಜಿಲ್ಲೆಯ ಏಳಿಮಲೆ. ಭಾರತದ ನೌಕಾಪಡೆಯ ಅಕಾಡೆಮಿ 2009ರಲ್ಲಿ ಉದ್ಘಾಟನೆಯಾದದ್ದು ಇದೇ ಸ್ಥಳದಲ್ಲಿ. ಏಳು ಶತಮಾನಗಳ ಹಿಂದೆ ನಾವಿಕರಿಗೆ ದಾರಿ ತೋರಿಸುತ್ತಿದ್ದ ಗುಡ್ಡದ ಬುಡದಲ್ಲಿ ಇಂದಿಗೂ ನಾವಿಕರು ತಯಾರಾಗುತ್ತಿದ್ದಾರೆ.

ಅಬುಲ್ ಫಿದಾ ಈ ಕಡೆಗೆ ಬಂದವನಲ್ಲ, ಪ್ರಯಾಣಿಕರಿಂದ ಕೇಳಿ, ಗ್ರಂಥಗಳನ್ನು ಓದಿ ಬರೆದವನು. ಸ್ವತಃ ಬಂದವನು ಮೊರಾಕೊ ದೇಶದ ಇಬ್ನ್ ಬತೂತ. 1340ರ ದಶಕದ ಆರಂಭದಲ್ಲಿ ಅವನು ದೆಹಲಿಯಿಂದ ಹೊರಟು ನಮ್ಮ ಕರಾವಳಿಯ ಉದ್ದಕ್ಕೂ ಹಡಗಿನಲ್ಲಿ ಸಾಗಿದನು. ಅವನ ಪ್ರವಾಸ ಕಥನದಲ್ಲಿ ಹೊನ್ನಾವರ ‘ಹಿನೌರ್’ ಆಗಿದೆ, ಬಾರ್ಕೂರು ‘ಫಾಕನೂರ್’ ಆಗಿದೆ, ಮಂಗಳೂರು ‘ಮಂಜರೂರ್’ ಆಗಿದೆ. ಅಲ್ಲಿಂದ ಅವನು ಏಳಿಮಲೆಯ ‘ಹೀಲಿ’ಗೆ ಹೋದನು. ಚೀನಾದ ಹಡಗುಗಳೂ ಅಲ್ಲಿಗೆ ಬರುತ್ತಿದ್ದವೆಂದು ಬರೆದಿದ್ದಾನೆ.

ಹೊನ್ನಾವರವನ್ನು ವರ್ಣಿಸುವಾಗ ಅವನು ಇನ್ನೊಂದು ಕಡಲಂಚಿನ ಪದವನ್ನು ಬಳಸುತ್ತಾನೆ: ‘ಖೌರ್’. ದೊಡ್ಡ ಹಡಗುಗಳು ಒಳಗೆ ಬರಬಹುದಾದ ನೀರಿನ ಒಳಚಾಚು ಎಂದು ಅದರ ಅರ್ಥ. ಶರಾವತಿ ಕಡಲು ಸೇರುವ ಆ ಜಾಗಕ್ಕೆ ನಮ್ಮ ಕರಾವಳಿಯವರು ‘ಅಳಿವೆ’ ಎನ್ನುತ್ತಾರೆ. ರಾಸ್ ದೂರದಿಂದ ಕರೆಯುತ್ತದೆ, ಖೌರ್ ಒಳಗೆ ಆಶ್ರಯ ಕೊಡುತ್ತದೆ. ಈ ಎರಡು ಪದಗಳನ್ನು ತಿಳಿದರೆ ಅರಬ್ ವ್ಯಾಪಾರಿಗಳು ನಮ್ಮ ಕರಾವಳಿಯ ಯಾವ ಊರುಗಳಲ್ಲಿ ನೆಲೆ ನಿಂತರು, ಏಕೆ ನಿಂತರು ಎಂಬುದು ಅರ್ಧ ತಿಳಿದಂತೆ.

ನಮ್ಮಂತಹ ವಿದ್ಯಾಸಂಸ್ಥೆಯವರು ಹೊನ್ನಾವರದ ಪುಟವನ್ನು ಓದಿ ಮುಂದೆ ಹೋಗುವಂತಿಲ್ಲ. ಆ ಊರಿನಲ್ಲಿ ಹುಡುಗಿಯರಿಗಾಗಿ 13 ಮತ್ತು ಹುಡುಗರಿಗಾಗಿ 23 ಶಾಲೆಗಳನ್ನು ಕಂಡೆನೆಂದೂ, ಬೇರೆಲ್ಲಿಯೂ ತಾನು ಇಂಥದ್ದನ್ನು ನೋಡಲಿಲ್ಲವೆಂದೂ ಇಬ್ನ್ ಬತೂತ ಬರೆದಿದ್ದಾನೆ. ಅಲ್ಲಿನ ಹೆಂಗಸರು ಕುರ್‌ಆನನ್ನು ಕಂಠಪಾಠ ಮಾಡಿದ್ದರೆಂದೂ ಹೇಳಿದ್ದಾನೆ. ಇಷ್ಟೊಂದು ನಾಡುಗಳನ್ನು ಸುತ್ತಿದ ಮನುಷ್ಯ ಬೆರಗಾದದ್ದು ನಮ್ಮ ಕರ್ನಾಟಕದ ಒಂದು ಬಂದರಿನ ಹುಡುಗಿಯರ ಶಾಲೆಗಳನ್ನು ಕಂಡು! ಹೆಣ್ಣುಮಕ್ಕಳ ಓದನ್ನು ಹೊಸದಾಗಿ ಬಂದ ಫ್ಯಾಷನ್ ಎನ್ನುವವರಿಗೆ ಈ ಒಂದು ಪುಟ ಸಾಕು.

ರಾಸ್ ಉಮೀದ್ ಮತ್ತು ಒಂದು ತಪ್ಪು ಕಥೆ

ಮತ್ತೆ ಆ ವಿದ್ಯಾರ್ಥಿನಿ ಬೆರಳಿಟ್ಟ ಜಾಗಕ್ಕೆ ಬರೋಣ. ಪೋರ್ಚುಗಲ್ಲಿನ ಬಾರ್ತೊಲೊಮಿಯೊ ಡಯಾಸ್ 1488ರಲ್ಲಿ ಆಫ್ರಿಕದ ದಕ್ಷಿಣ ತುದಿಯನ್ನು ಬಳಸಿ ಹೋದನು. ಅಲ್ಲಿನ ಭೂಶಿರಕ್ಕೆ ಮೊದಲು ‘ಬಿರುಗಾಳಿಗಳ ಭೂಶಿರ’ ಎಂಬ ಹೆಸರಿತ್ತೆಂದೂ, ಭಾರತದ ದಾರಿ ಸಿಗುವ ಆಸೆಯಿಂದ ದೊರೆ ಎರಡನೇ ಜಾನ್ ಅದನ್ನು ‘ಒಳ್ಳೆಯ ಭರವಸೆಯ ಭೂಶಿರ’ ಎಂದು ಬದಲಾಯಿಸಿದನೆಂದೂ ಹೇಳಲಾಗುತ್ತದೆ. ಅರಬ್ಬಿಯಲ್ಲಿ ಅದು ‘ರಾಸುರ್ರಜಾಇಸ್ಸಾಲಿಹ್’, ಉರ್ದುವಿನಲ್ಲಿ ‘ರಾಸ್ ಉಮೀದ್’. ಪರೀಕ್ಷೆಗೆ ಓದುವವರು ಒಂದು ಮಾತು ನೆನಪಿಡಿ: ಆಫ್ರಿಕದ ತೀರಾ ದಕ್ಷಿಣದ ತುದಿ ಇದಲ್ಲ. ಅದು ಸುಮಾರು 150 ಕಿ.ಮೀ. ಆಗ್ನೇಯಕ್ಕಿರುವ ಅಗುಲ್ಹಾಸ್ ಭೂಶಿರ.

1497ರ ನವೆಂಬರಿನಲ್ಲಿ ವಾಸ್ಕೋ ಡ ಗಾಮ ಈ ಭೂಶಿರವನ್ನು ದಾಟಿದನು. ಪೂರ್ವ ಆಫ್ರಿಕದ ಮಾಲಿಂದಿಯಲ್ಲಿ ಒಬ್ಬ ಮಾರ್ಗದರ್ಶಕನನ್ನು ಪಡೆದು 1498ರ ಮೇ 20ರಂದು ಕಲ್ಲಿಕೋಟೆಯ ಬಳಿಗೆ ಬಂದನು. ಆ ಮಾರ್ಗದರ್ಶಕ ಯಾರು? ಪ್ರಸಿದ್ಧ ಅರಬ್ ನಾವಿಕ ಅಹ್ಮದ್ ಇಬ್ನ್ ಮಾಜಿದ್ ಎಂದು ಅನೇಕ ಪುಸ್ತಕಗಳಲ್ಲಿ ಬರೆದಿದ್ದಾರೆ. ನಾನೂ ಹಲವು ವರ್ಷ ತರಗತಿಯಲ್ಲಿ ಹೆಮ್ಮೆಯಿಂದ ಇದನ್ನೇ ಹೇಳಿದ್ದೇನೆ. ಅದು ತಪ್ಪು ಎಂದು ಈಗ ಹೇಳಬೇಕಾಗಿದೆ.

ಇಬ್ನ್ ಮಾಜಿದ್‌ನ ಹೆಸರನ್ನು ಈ ಪ್ರಸಂಗಕ್ಕೆ ತಂದವನು 16ನೇ ಶತಮಾನದ ಉತ್ತರಾರ್ಧದಲ್ಲಿ ಬರೆದ ಮಕ್ಕಾದ ಇತಿಹಾಸಕಾರ ಕುತ್ಬುದ್ದೀನ್ ಅನ್ನಹ್ರವಾಲಿ. ಇಬ್ನ್ ಮಾಜಿದ್ ಕುಡಿದ ಅಮಲಿನಲ್ಲಿ ಪರಂಗಿಯವರಿಗೆ ದಾರಿ ತೋರಿಸಿದನೆಂದು ಅವನು ಬರೆದನು. ಘಟನೆ ನಡೆದು ಆಗಲೇ ಹಲವು ದಶಕಗಳಾಗಿದ್ದವು. 20ನೇ ಶತಮಾನದ ಆರಂಭದಲ್ಲಿ ಫ್ರೆಂಚ್ ವಿದ್ವಾಂಸ ಗೇಬ್ರಿಯಲ್ ಫೆರಾಂಡ್ ಇದನ್ನು ಎತ್ತಿ ಹಿಡಿದ ಮೇಲೆ ಕಥೆ ಜಗತ್ತಿನೆಲ್ಲೆಡೆ ಹರಡಿತು. ಆದರೆ ಪೋರ್ಚುಗೀಸ್ ಇತಿಹಾಸಕಾರರು ಆ ಮಾರ್ಗದರ್ಶಕನನ್ನು ಗುಜರಾತಿನ ಮುಸಲ್ಮಾನ ಎಂದು ಕರೆದಿದ್ದಾರೆ. ಇಬ್ನ್ ಮಾಜಿದ್ ಗುಜರಾತಿನವನಲ್ಲ, ಅರಬ್ ಕರಾವಳಿಯ ಜುಲ್ಫಾರಿನವನು. 1498ರ ಹೊತ್ತಿಗೆ ವಯೋವೃದ್ಧ. ಇತ್ತೀಚಿನ ವಿದ್ವಾಂಸರು ಈ ಕಥೆಯನ್ನು ಒಪ್ಪುವುದಿಲ್ಲ.

ಇದರಿಂದ ನಮ್ಮ ಹೆಮ್ಮೆಗೆ ಕುಂದು ಬಂತೇ? ಇಲ್ಲ. ಒಂದು ಕಡೆ ಅವನ ಮೇಲಿದ್ದ ಕುಡುಕನೆಂಬ ಅಪವಾದ ಹೋಯಿತು. ಇನ್ನೊಂದು ಕಡೆ, ಅವನ ನಿಜವಾದ ಸಾಧನೆಗೆ ವಾಸ್ಕೋ ಡ ಗಾಮನ ಆಸರೆ ಬೇಕಾಗಿಯೇ ಇಲ್ಲ. ತಂದೆ, ತಾತ ಇಬ್ಬರೂ ನಾವಿಕರಾಗಿದ್ದ ಮನೆತನದಲ್ಲಿ ಹುಟ್ಟಿದ ಅವನು 1490ರ ಸುಮಾರಿಗೆ ‘ಕಿತಾಬುಲ್ ಫವಾಯಿದ್’ ಎಂಬ 12 ಅಧ್ಯಾಯಗಳ ನೌಕಾಶಾಸ್ತ್ರ ಗ್ರಂಥವನ್ನು ಬರೆದನು. ನಕ್ಷತ್ರಗಳು, ಗಾಳಿಯ ಕಾಲಗಳು, ದಡದ ಗುರುತುಗಳು, ಕಡಲಿನ ದಾರಿಗಳು ಎಲ್ಲವೂ ಅದರಲ್ಲಿವೆ. ಹೆಮ್ಮೆ ಪಡಲು ಸತ್ಯವೇ ಸಾಕಷ್ಟಿರುವಾಗ ಕಥೆ ಕಟ್ಟುವ ಅಗತ್ಯವೇನಿದೆ?

ಅವನ ಊರಾದ ಜುಲ್ಫಾರ್ ಇದ್ದದ್ದು ಇಂದಿನ ಸಂಯುಕ್ತ ಅರಬ್ ಎಮಿರೇಟ್ಸಿನ ರಾಸ್ ಅಲ್ ಖೈಮಾದ ಬಳಿ. ‘ಗುಡಾರದ ಭೂಶಿರ’ ಎಂದು ಆ ಹೆಸರಿನ ಅರ್ಥ. ನಮ್ಮ ಎಷ್ಟೋ ಮನೆಗಳ ತಂದೆ, ಅಣ್ಣ, ಮಾವಂದಿರು ದುಡಿಯಲು ಹೋದ ಕೊಲ್ಲಿ ದೇಶಗಳ ನಕ್ಷೆ ಬಿಡಿಸಿ ನೋಡಿ: ಸೌದಿ ಅರೇಬಿಯದ ತೈಲ ಬಂದರು ರಾಸ್ ತನೂರಾ, ಕಡಲಾಮೆಗಳು ಮೊಟ್ಟೆ ಇಡಲು ಬರುವ ಒಮಾನಿನ ರಾಸ್ ಅಲ್ ಹದ್. ಫೋನಿನಲ್ಲಿ ಕೇಳುವ ಈ ಹೆಸರುಗಳೆಲ್ಲ ನಮ್ಮ ಪಠ್ಯಪುಸ್ತಕದ ‘ಭೂಶಿರ’ವೇ. ಮನೆಯ ಮಾತಿಗೂ ಶಾಲೆಯ ಪಾಠಕ್ಕೂ ನಡುವೆ ಇರುವ ದೂರ ಇಷ್ಟೇ.

ಮುಅಲ್ಲಿಮ್ ಯಾರು?

ಕೊನೆಯದಾಗಿ ಒಂದು ಪದ. ಪೋರ್ಚುಗೀಸರು ಮಾಲಿಂದಿಯ ಆ ಮಾರ್ಗದರ್ಶಕನ ಹೆಸರನ್ನು ‘ಮಾಲೆಮೋ’ ಎಂದು ಆರಂಭಿಸಿ ಬರೆದಿದ್ದಾರೆ. ಅದು ಹೆಸರಲ್ಲ, ‘ಮುಅಲ್ಲಿಮ್’ ಎಂಬ ಪದದ ಅಪಭ್ರಂಶ. ಹಿಂದೂ ಮಹಾಸಾಗರದಲ್ಲಿ ಹಡಗಿಗೆ ದಾರಿ ತೋರಿಸುವವನಿಗೆ ಮುಅಲ್ಲಿಮ್ ಎನ್ನುತ್ತಿದ್ದರು. ಅಕ್ಬರನ ಕಾಲದ ‘ಆಯಿನೆ ಅಕ್ಬರಿ’ಯಲ್ಲೂ ಹಡಗಿನ ಸಿಬ್ಬಂದಿಯ ಪಟ್ಟಿಯಲ್ಲಿ ಈ ಹುದ್ದೆಯಿದೆ. ಉರ್ದು ಶಾಲೆಯಲ್ಲಿ ಮಕ್ಕಳು ಅದೇ ಪದದಿಂದ ಶಿಕ್ಷಕರನ್ನು ಗುರುತಿಸುತ್ತಾರೆ. ಕಡಲಿನ ಮುಅಲ್ಲಿಮ್ ದೂರದಲ್ಲಿ ಮಸುಕಾಗಿ ಕಾಣುವ ಗುಡ್ಡವನ್ನು ತೋರಿಸಿ, ಅದರ ಹೆಸರು ಹೇಳಿ, ಎಡಕ್ಕೆ ಬಂಡೆಯಿದೆ, ಬಲಕ್ಕೆ ಬಂದರಿದೆ ಎಂದು ತಿಳಿಸುತ್ತಿದ್ದನು. ಶಾಲೆಯ ಮುಅಲ್ಲಿಮ್ ಮಾಡಬೇಕಾದದ್ದೂ ಇದನ್ನೇ ಅಲ್ಲವೇ? ಬರೀ ಹೆಸರು ಹೇಳಿ ಬಾಯಿಪಾಠ ಮಾಡಿಸಿದರೆ ಹಡಗು ದಡ ಸೇರುವುದಿಲ್ಲ.

ಆದ್ದರಿಂದ ನನ್ನ ಸಹೋದ್ಯೋಗಿಗಳಲ್ಲಿ ಒಂದು ವಿನಂತಿ. ಉರ್ದು ಮಾಧ್ಯಮದಿಂದ ಕನ್ನಡ ಮಾಧ್ಯಮಕ್ಕೆ ಬಂದ ಮಗು ಉತ್ತರ ಹೇಳದೆ ನಿಂತಾಗ, ಅದಕ್ಕೆ ವಿಷಯ ಗೊತ್ತಿಲ್ಲವೋ ಪದ ಗೊತ್ತಿಲ್ಲವೋ ಎಂದು ಒಮ್ಮೆ ವಿಚಾರಿಸಿ. ವಿದ್ಯಾರ್ಥಿಗಳೇ, ನೀವೂ ಒಂದು ಕೆಲಸ ಮಾಡಿ. ನೋಟ್ ಪುಸ್ತಕದಲ್ಲಿ ಮೂರು ಗೆರೆ ಎಳೆದು ಉರ್ದು, ಕನ್ನಡ, ಇಂಗ್ಲಿಷ್ ಎಂದು ಬರೆಯಿರಿ. ರಾಸ್, ಭೂಶಿರ, ಕೇಪ್ ಎಂದು ಆರಂಭಿಸಿ. ಜಝೀರಾ, ದ್ವೀಪ, ಐಲೆಂಡ್. ಸಾಹಿಲ್, ಕರಾವಳಿ, ಕೋಸ್ಟ್. ಹೀಗೆ ದಿನಕ್ಕೆ ಒಂದು ಸಾಲು. ಪ್ರತಿ ಪದವನ್ನೂ ಬಿಡಿಸಿ ಅದರ ಅರ್ಥ ಕೇಳಿ. ಹಿರಿಯರನ್ನು ಕೇಳಿ, ನಿಘಂಟು ನೋಡಿ.

ನಾನು ಹೇಳಿದ ಆ ಹುಡುಗಿ ಈಗ ಹಿಂದಿನ ಬೆಂಚಿನಲ್ಲಿ ಕೂರುವುದಿಲ್ಲ. ಅವಳ ಪುಸ್ತಕದಲ್ಲಿ ಈ ಮೂರು ಗೆರೆಗಳ ಪುಟಗಳು ಹದಿನಾಲ್ಕಾಗಿವೆ. ಹೊಸ ಪದವೊಂದು ಬಂದರೆ ಬಾಯಿಪಾಠಕ್ಕೆ ಮೊದಲು ಕೈ ಎತ್ತಿ ಅರ್ಥ ಕೇಳುತ್ತಾಳೆ, ಕೆಲವು ಸಲ ನನಗೇ ಉತ್ತರ ಗೊತ್ತಿರುವುದಿಲ್ಲ. ಇಬ್ಬರೂ ಸೇರಿ ಹುಡುಕುತ್ತೇವೆ. ಏಳು ಶತಮಾನಗಳ ಹಿಂದೆ ಹೊನ್ನಾವರದ ಆ 13 ಶಾಲೆಗಳಲ್ಲಿ ಕುಳಿತಿದ್ದ ಹುಡುಗಿಯರಂತೆ ನಮ್ಮ ಮಕ್ಕಳೂ ಕಲಿತು ತಲೆ ಎತ್ತಿ ನಿಲ್ಲುವಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.